ಹೇಳಿದ ದಿನಕ್ಕೆ ಬಾರದ ಮೇಜು



2007ರ ಆಗಸ್ಟ್ 16ರಂದು ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ, ಜೆನ್ ಕಾನ್ ಎಂಬ ಆಟಗಳ ದೊಡ್ಡ ಜಾತ್ರೆಯಲ್ಲಿ, ಒಂದು ಘೋಷಣೆ ಆಯಿತು. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ನಾಲ್ಕನೆಯ ಆವೃತ್ತಿ ಮುಂದಿನ ವರ್ಷ ಬರುತ್ತದೆ, ಅದರ ಜೊತೆಗೆ ಕಂಪ್ಯೂಟರಿನಲ್ಲಿ ಒಂದು ಆಟದ ಮೇಜೂ ಬರುತ್ತದೆ ಎಂದು. ನೌಕರಿಯೆಂದು, ಮದುವೆಯೆಂದು ಊರು ಬಿಟ್ಟು ಚದುರಿಹೋದ ಹಳೆಯ ಗೆಳೆಯರು ಇದ್ದಲ್ಲಿಂದಲೇ ಆ ಮೇಜಿಗೆ ಬಂದು ಕೂರಬಹುದು. ತಮ್ಮ ಪಾತ್ರದ ಮುಖ, ಕವಚ, ಕತ್ತಿ ಎಲ್ಲವನ್ನೂ ಪರದೆಯ ಮೇಲೆ ಗೊಂಬೆಯಂತೆ ರೂಪಿಸಿಕೊಳ್ಳಬಹುದು. ಗುಹೆಗಳ ನಕ್ಷೆ ಬರೆಯಬಹುದು, ನಿಯಮಗಳನ್ನು ಕ್ಷಣದಲ್ಲಿ ಹುಡುಕಬಹುದು. ಹೀಗೆ ಸಾಗಿತ್ತು ಆ ಮಾತು. ಪುಸ್ತಕಗಳು 2008ರ ಜೂನ್ 6ರಂದು ಅಂಗಡಿಗೆ ಬಂದವು. ಮೇಜು ಬರಲಿಲ್ಲ.

ಆಮೇಲೆ ಏನಾಯಿತು, ಆ ಬಳಿಕವೂ ಇದೇ ಮಾತನ್ನು ಎಷ್ಟು ಸಲ ಕೊಟ್ಟರು, ಇಂಥ ಮಾತು ಬಂದಾಗ ಈ ಆಟ ಆಡುವವರು ಅನುಮಾನ ಪಡುವುದು ಏಕೆ ಸರಿ ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಈ ಆಟ ಕಂಡಿರದ ಕೇಳುಗರಿಗಾಗಿ ಎರಡು ಮಾತು. ತಾಳಮದ್ದಳೆಯನ್ನು ನೆನಪಿಸಿಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಕೂತು ಮಾತಿನಲ್ಲೇ ಕರ್ಣನಾಗುತ್ತಾರೆ, ಕೃಷ್ಣನಾಗುತ್ತಾರೆ. ಎದುರಿನವರು ಏನು ಕೇಳಿದರೋ ಅದಕ್ಕೆ ಆ ಹೊತ್ತಿಗೆ ಹೊಳೆದ ಉತ್ತರ ಕೊಡುತ್ತಾರೆ. ಇಲ್ಲಿಯೂ ಹಾಗೆಯೇ. ಮೇಜಿನ ಸುತ್ತ ನಾಲ್ಕೈದು ಜನ. ಒಬ್ಬಳು ಮಂತ್ರವಾದಿ, ಒಬ್ಬ ಕತ್ತಿವರಸೆಯ ಭಟ, ಇನ್ನೊಬ್ಬ ಬೀಗ ಒಡೆಯುವ ಕಳ್ಳ. ಭಾಗವತರ ಜಾಗದಲ್ಲಿ ಕೂತು ಕಥೆ ನಡೆಸುವವರನ್ನು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಎನ್ನುತ್ತಾರೆ. 'ಕತ್ತಲೆ ಗುಹೆ, ಒಳಗಿಂದ ತಣ್ಣನೆ ಗಾಳಿ ಬರುತ್ತಿದೆ, ಏನು ಮಾಡುತ್ತೀರಿ' ಎಂದು ಡಿಎಂ ಕೇಳುತ್ತಾರೆ. ಆಡುವವರು ತಮಗೆ ತೋಚಿದ್ದನ್ನು ಹೇಳುತ್ತಾರೆ. ಪ್ರಸಂಗದ ಕೊನೆ ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮಾಡಹೊರಟದ್ದು ಫಲಿಸಿತೇ ಇಲ್ಲವೇ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ.

1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದಾಗ ಅದು ಮೂರು ತೆಳು ಪುಸ್ತಿಕೆಗಳಿದ್ದ ಒಂದು ಪೆಟ್ಟಿಗೆ. ಮೊದಲ ಮುದ್ರಣ 1000 ಪ್ರತಿ. ಆಡಲು ಬೇಕಾಗಿದ್ದದ್ದು ದಾಳ, ಪೆನ್ಸಿಲ್, ಹಾಳೆ, ಮತ್ತು ಒಂದು ಸಂಜೆ. 1997ರಲ್ಲಿ ಇದರ ಪ್ರಕಾಶನ ಸಂಸ್ಥೆಯನ್ನು ವಿಝಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಕೊಂಡಿತು, 1999ರಲ್ಲಿ ಆ ಕಂಪನಿಯನ್ನೇ ಆಟಿಕೆಗಳ ದೊಡ್ಡ ಸಂಸ್ಥೆ ಹ್ಯಾಸ್‌ಬ್ರೊ ಕೊಂಡಿತು. ಈಗ ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲೂ ಇದನ್ನು ಆಡುವವರಿದ್ದಾರೆ. ನಮ್ಮ ಮನೆಯಲ್ಲಿ ಭಾನುವಾರದ ಮಧ್ಯಾಹ್ನ ತಂಗಿಯ ಮಗಳು ಮತ್ತು ಅವಳ ಗೆಳೆಯರು ಬಂದು ಸೇರುತ್ತಾರೆ, ನಾನು ಡಿಎಂ ಆಗಿ ಕೂರುತ್ತೇನೆ.

ಕಂಪ್ಯೂಟರ್ ಸಾಧನದ ಮಾತು 2007ರಲ್ಲಿ ಹುಟ್ಟಿದ್ದಲ್ಲ. 2000ದಲ್ಲಿ ಮೂರನೆಯ ಆವೃತ್ತಿ ಬಂದಾಗ ಆಟಗಾರರ ಕೈಪಿಡಿಯ ಮೊದಲ ಮುದ್ರಣದ ಜೊತೆ ಒಂದು ಸಿ.ಡಿ. ಇತ್ತು. ಪಾತ್ರವನ್ನು ಹೇಗೆ ರೂಪಿಸಬಹುದು ಎಂಬುದರ ಮಾದರಿ ಅದರಲ್ಲಿತ್ತು. ಪೂರ್ಣ ಸಾಧನ ಮಾಸ್ಟರ್ ಟೂಲ್ಸ್ ಎಂಬ ಹೆಸರಿನಲ್ಲಿ ಹಿಂದೆಯೇ ಬರುತ್ತದೆ ಎಂದಿದ್ದರು. ಅದು ಬಂದದ್ದು 2002ರಲ್ಲಿ, ಈ-ಟೂಲ್ಸ್ ಎಂಬ ಬೇರೆ ಹೆಸರು ಹೊತ್ತು. ಹೇಳಿದ್ದರಲ್ಲಿ ಎಷ್ಟೋ ಭಾಗ ಉದುರಿಹೋಗಿತ್ತು, ಉಳಿದದ್ದರಲ್ಲಿ ತಪ್ಪುಗಳು ತುಂಬಿದ್ದವು, ಕೊನೆಗೆ ಅದನ್ನು ರಿಪೇರಿ ಮಾಡುವ ಕೆಲಸ ಬೇರೊಂದು ಸಣ್ಣ ಸಂಸ್ಥೆಯ ಪಾಲಿಗೆ ಬಂತು. ಈ ನಡುವೆ ಆಡುವ ಜನ ಸುಮ್ಮನೆ ಕೂತಿರಲಿಲ್ಲ. ಪಿಸಿಜೆನ್ ಎಂಬ ಉಚಿತ ತಂತ್ರಾಂಶವನ್ನು ಸ್ವಯಂಸೇವಕರು 2000ದಿಂದಲೇ ಬರೆಯತೊಡಗಿದ್ದರು. ಎಕ್ಸೆಲ್ ಹಾಳೆಯೊಳಗೇ ಇಡೀ ಪಾತ್ರದ ಲೆಕ್ಕ ಕೂರಿಸಿ ಹಂಚಿಕೊಂಡವರೂ ಇದ್ದರು.

ಹಾಗಾಗಿ 2007ರಲ್ಲಿ ಮತ್ತೆ ಅದೇ ಮಾತು ಬಂದಾಗ ಹಳಬರು ಹುಬ್ಬೇರಿಸಿದರು. ಅವರಿಗೆ ನೋವು ತಂದ ಇನ್ನೊಂದು ಸಂಗತಿಯೂ ಇತ್ತು. 1976ರಿಂದ ಅಚ್ಚಾಗುತ್ತಿದ್ದ ಡ್ರಾಗನ್ ಪತ್ರಿಕೆಯನ್ನೂ 1986ರಿಂದ ಬರುತ್ತಿದ್ದ ಡಂಜನ್ ಪತ್ರಿಕೆಯನ್ನೂ ಅದೇ ವರ್ಷ ಅಚ್ಚಿನಿಂದ ನಿಲ್ಲಿಸಿದ್ದರು. ಇನ್ನು ಮುಂದೆ ಅವು ಡಿ ಅಂಡ್ ಡಿ ಇನ್‌ಸೈಡರ್ ಎಂಬ ಚಂದಾ ಸೇವೆಯ ಭಾಗವಾಗಿ ಪರದೆಯ ಮೇಲೆ ಮಾತ್ರ. ಕೈಯಲ್ಲಿದ್ದ ಪತ್ರಿಕೆ ಹೋಯಿತು, ಅದರ ಬದಲಿಗೆ ಸಿಕ್ಕದ್ದು ಬರಲಿರುವ ಸಾಧನಗಳ ಪಟ್ಟಿ. ಆ ಪಟ್ಟಿಯ ಗತಿ ನೋಡಿ. ಪಾತ್ರದ ಗೊಂಬೆ ರೂಪಿಸುವ ಸಾಧನ ಕೊನೆಗೂ ಬರಲೇ ಇಲ್ಲ. ಪಾತ್ರದ ಲೆಕ್ಕ ಮಾಡಿಕೊಡುವ ಕ್ಯಾರೆಕ್ಟರ್ ಬಿಲ್ಡರ್ ಪೂರ್ಣವಾಗಿ ಸಿಕ್ಕದ್ದು 2009ರ ಫೆಬ್ರವರಿಯಲ್ಲಿ. ಆಟದ ಮೇಜಿನ ಪರೀಕ್ಷಾರ್ಥ ರೂಪ ಕಾಣಿಸಿದ್ದು 2010ರ ಕೊನೆಗೆ, ಅದೂ ಮೊದಲು ತೋರಿಸಿದ ಮೂರು ಆಯಾಮದ ವೈಭವ ಬಿಟ್ಟು ಚಪ್ಪಟೆ ನಕ್ಷೆಯಾಗಿ. ಪರೀಕ್ಷೆಯ ಹಂತ ದಾಟುವ ಮುನ್ನವೇ 2012ರ ಜುಲೈನಲ್ಲಿ ಅದನ್ನು ಮುಚ್ಚಿದರು. ಆ ಹೊತ್ತಿಗೆ ಐದನೆಯ ಆವೃತ್ತಿಯ ತಯಾರಿ ಆಗಲೇ ಶುರುವಾಗಿತ್ತು.

ವಿಳಂಬ ಎಲ್ಲ ಕೆಲಸದಲ್ಲೂ ಇದ್ದದ್ದೇ, ಅದನ್ನೇ ಹಿಡಿದು ಜಗ್ಗುವುದೇಕೆ ಎಂದು ನೀವು ಕೇಳಬಹುದು. ತಂತ್ರಾಂಶ ಬರೆಯುವವರು ಬೆಂಗಳೂರಿನ ಬೀದಿ ಬೀದಿಯಲ್ಲಿದ್ದಾರೆ, ಹೇಳಿದ ತಾರೀಕಿಗೆ ಕೆಲಸ ಮುಗಿಯುವುದು ಎಷ್ಟು ಕಷ್ಟ ಎಂದು ಅವರನ್ನು ಕೇಳಿದರೆ ಗೊತ್ತಾಗುತ್ತದೆ. ಬರೀ ತಡವಾಗಿದ್ದರೆ ನಾನೂ ಈ ಮಾತು ಎತ್ತುತ್ತಿರಲಿಲ್ಲ. ನನ್ನ ತಕರಾರು ಬೇರೆ. ಸಾಧನ ಬರುತ್ತದೆ ಎಂಬ ಭರವಸೆಯಲ್ಲಿ ಆಟದ ನಿಯಮಗಳೇ ಭಾರವಾಗುತ್ತವೆ. ಸಾಧನ ಬಾರದೆ ಹೋದಾಗ ಆ ಭಾರ ಹೊರುವವರು ಮೇಜಿನ ಸುತ್ತ ಕೂತ ಜನ.

ಇದನ್ನು ಹತ್ತಿರದಿಂದ ತೋರಿಸುತ್ತೇನೆ. ನಾಲ್ಕನೆಯ ಆವೃತ್ತಿಯಲ್ಲಿ ಮೊದಲ ಲೆವೆಲ್ಲಿನ ಒಬ್ಬ ಫೈಟರ್, ಅಂದರೆ ಕತ್ತಿವರಸೆಯ ಭಟ. ಅವನ ಬಲ 18, ಅದಕ್ಕೆ 4 ಅಂಕ. ಉದ್ದ ಕತ್ತಿ ಹಿಡಿಯಲು ಪಳಗಿದವನೆಂದು 3. ಒಂದು ಕೈಯ ಆಯುಧವನ್ನೇ ವಿಶೇಷವಾಗಿ ಆರಿಸಿಕೊಂಡವನೆಂದು 1. ಒಟ್ಟು 8. ದಾಳ ಉರುಳಿಸಿ ಬಂದ ಸಂಖ್ಯೆಗೆ ಈ 8 ಕೂಡಿಸಬೇಕು. ಎದುರಾಳಿಯನ್ನು ಇವನೂ ಗೆಳೆಯನೂ ಎರಡು ಬದಿಯಿಂದ ಸುತ್ತುವರಿದಿದ್ದರೆ ಇನ್ನು 2, ಅಲ್ಲಿಗೆ 10. ಜೊತೆಯಲ್ಲಿರುವ ಕ್ಲೆರಿಕ್, ಅಂದರೆ ದೇವರ ಸೇವೆಯ ಪಾತ್ರಧಾರಿ, ಆಗಷ್ಟೇ ಅದೇ ಶತ್ರುವಿಗೆ ಒಂದು ಏಟು ಬಿಗಿದು ಇವನನ್ನು ಹುರಿದುಂಬಿಸಿದ್ದರೆ ಆಕೆಯ ಬಲದ ಅಂಕವಾದ 3 ಸೇರಿ 13. ಆದರೆ ಈ 3 ಇರುವುದು ಆಕೆಯ ಮುಂದಿನ ಸರದಿ ಮುಗಿಯುವ ತನಕ ಮಾತ್ರ. ಅದೂ ಆ ಒಂದು ಶತ್ರುವಿನ ಮೇಲೆ ಕೈ ಎತ್ತಿದಾಗ. ಅಷ್ಟರಲ್ಲಿ ಶತ್ರು ಒಂದು ಚೌಕ ಸರಿದರೆ ಸುತ್ತುವರಿದದ್ದರ 2 ಹೋಯಿತು. ಇದು ಮೊದಲ ಲೆವೆಲ್. ಇಂಥ ಲೆವೆಲ್ಲುಗಳು 30. ಮೇಲೇರುತ್ತ ಹೋದಂತೆ ಲೆವೆಲ್ಲಿನ ಅರ್ಧ ಸೇರುತ್ತದೆ, ಮಂತ್ರದ ಕತ್ತಿಯ ಅಂಕ ಸೇರುತ್ತದೆ, ಕಲಿತ ವಿದ್ಯೆಗಳ ಅಂಕ ಸೇರುತ್ತದೆ, ಪ್ರತಿ ಸುತ್ತಿನಲ್ಲೂ ಬಂದು ಹೋಗುವ ಒಂದೊಂದೇ ಎರಡೆರಡೇ ಅಂಕಗಳು ಮೇಜಿನ ತುಂಬ ಹರಡುತ್ತವೆ. ಐದು ಜನರ ಲೆಕ್ಕ, ಜೊತೆಗೆ ಡಿಎಂ ಕೈಯಲ್ಲಿರುವ ಆರೇಳು ಶತ್ರುಗಳ ಲೆಕ್ಕ. ಒಂದು ಕಾಳಗಕ್ಕೇ ಸಂಜೆ ಮುಗಿದುಹೋಗುತ್ತದೆ.

ಈ ಆವೃತ್ತಿಯನ್ನು ನಾನು ಹೀಗಳೆಯುತ್ತಿಲ್ಲ. ಕಾಳಗದ ಚತುರತೆಯಲ್ಲಿ ಇದಕ್ಕೆ ಸರಿಸಾಟಿ ಕಡಮೆ. ಆದರೆ ಈ ಕೂಡು ಕಳೆಯುವ ಕೆಲಸ ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಪರದೆಯ ಮೇಲಿನ ಮೇಜು ಅದನ್ನೆಲ್ಲ ತಾನೇ ಹಿಡಿದಿಟ್ಟುಕೊಂಡಿದ್ದರೆ ಆಡುವವರು ಹಾಯಾಗಿ ತಂತ್ರ ಹೂಡಬಹುದಿತ್ತು. ಮೇಜು ಬರುತ್ತದೆಂಬ ನಂಬಿಕೆ ನಿಯಮ ಬರೆದವರ ಮನಸ್ಸಿನ ಹಿಂಬದಿಯಲ್ಲಿ ಎಲ್ಲೋ ಇತ್ತೆಂದೇ ನನ್ನ ಅನಿಸಿಕೆ. ಅದು ಬಾರದೆ ಆಡಿದವರಿಗೆ ಆಟದ ಒಂದು ಅಂಗವೇ ಇಲ್ಲದಂತಾಯಿತು, ಬಯ್ಗುಳ ಮಾತ್ರ ಪೂರ್ತಿ ಆಟಕ್ಕೆ ಬಿತ್ತು. ಆಟ ನಿಧಾನ ಎಂದು ದೂರಿ ಎಷ್ಟೋ ಜನ ಹಳೆಯ ಆವೃತ್ತಿಗೆ ಹಿಂದಿರುಗಿದರು. 2009ರಲ್ಲಿ ಪೈಝೋ ಪ್ರಕಾಶನ ಹಳೆಯ ನಿಯಮಗಳನ್ನೇ ತಿದ್ದಿ ಪಾತ್‌ಫೈಂಡರ್ ಎಂಬ ಆಟ ತಂದಾಗ ಅವರೆಲ್ಲ ಅತ್ತ ನಡೆದರು. ಡ್ರಾಗನ್, ಡಂಜನ್ ಪತ್ರಿಕೆಗಳನ್ನು ಕೊನೆಯ ಐದು ವರ್ಷ ಅಚ್ಚು ಹಾಕಿದ್ದವರೂ ಇದೇ ಪೈಝೋದವರು.

ಸಾಧನ ಬಂದಮೇಲಾದರೂ ನೆಮ್ಮದಿ ಸಿಕ್ಕಿತೇ? ಕ್ಯಾರೆಕ್ಟರ್ ಬಿಲ್ಡರ್ ಒಳ್ಳೆಯ ಸಾಧನ. ಮೊದಲ ರೂಪದಲ್ಲಿ ಅದನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಿತ್ತು, ಚಂದಾ ನಿಂತರೂ ಅಲ್ಲಿತನಕ ಬಂದ ವಿವರಗಳು ನಮ್ಮ ಬಳಿಯೇ ಉಳಿಯುತ್ತಿದ್ದವು. 2010ರ ನವೆಂಬರ್‌ನಲ್ಲಿ ಅದನ್ನು ಬಿಟ್ಟು, ಅಂತರಜಾಲದಲ್ಲಿ ಮಾತ್ರ ತೆರೆಯುವ ಹೊಸದನ್ನು ತಂದರು. ಚಂದಾ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಅದನ್ನು ಕಟ್ಟಿದ್ದು ಮೈಕ್ರೋಸಾಫ್ಟಿನ ಸಿಲ್ವರ್‌ಲೈಟ್ ಎಂಬ ತಂತ್ರದ ಮೇಲೆ. ಕೆಲವೇ ವರ್ಷಗಳಲ್ಲಿ ಬ್ರೌಸರುಗಳು ಒಂದೊಂದಾಗಿ ಸಿಲ್ವರ್‌ಲೈಟನ್ನು ಕೈಬಿಟ್ಟವು. 2020 ಹುಟ್ಟುವ ಹೊತ್ತಿಗೆ ಇನ್‌ಸೈಡರ್ ಸಾಧನಗಳನ್ನೆಲ್ಲ ಮುಚ್ಚಿಬಿಟ್ಟರು. 2008ರಲ್ಲಿ ಅಚ್ಚಾದ ಪುಸ್ತಕ ನನ್ನ ಕಪಾಟಿನಲ್ಲಿದೆ, ಇವತ್ತೂ ತೆಗೆದು ಆಡಬಹುದು. ಅದೇ ಆಟಕ್ಕಾಗಿ ಜನ ತಿಂಗಳು ತಿಂಗಳು ದುಡ್ಡು ಕಟ್ಟಿ ಪಡೆದ ಸಾಧನ ಈಗ ಎಲ್ಲೂ ಇಲ್ಲ, ಅದರೊಳಗೆ ಕೂಡಿಟ್ಟಿದ್ದ ಪಾತ್ರಗಳೂ ಇಲ್ಲ.

ಇಂಥ ಸಾಧನಗಳು ಏಕೆ ಮತ್ತೆ ಮತ್ತೆ ತಡವಾಗುತ್ತವೆ, ಏಕೆ ಮೊಟಕಾಗುತ್ತವೆ ಎಂಬುದಕ್ಕೆ ಕಾರಣ ಈ ಆಟದ ಸ್ವಭಾವದಲ್ಲೇ ಇದೆ. ನಮ್ಮ ಮನೆಯ ಮೇಜಿನ ಒಂದು ಮಧ್ಯಾಹ್ನವನ್ನೇ ತೆಗೆದುಕೊಳ್ಳಿ. ಐದನೆಯ ಆವೃತ್ತಿಯಲ್ಲಿ ಗ್ರೀಸ್ ಎಂಬ ಮಂತ್ರವಿದೆ. ಹತ್ತಡಿ ಚೌಕದ ನೆಲದ ಮೇಲೆ ಜಿಡ್ಡು ಹರಡುತ್ತದೆ, ಅದರ ಮೇಲೆ ನಿಂತವರು ದಾಳದಲ್ಲಿ ಸೋತರೆ ಜಾರಿ ಬೀಳುತ್ತಾರೆ. ತಂಗಿಯ ಮಗಳ ಮಂತ್ರವಾದಿ ಇದನ್ನು ಗಾಬ್ಲಿನ್ ಎಂಬ ಕುಳ್ಳ ಪಿಶಾಚಿಗಳ ಕಾಲಡಿಗೆ ಬಿಟ್ಟಳು. ಎರಡು ಗಾಬ್ಲಿನ್‌ಗಳು ಮಗುಚಿಬಿದ್ದವು. ಆಗ ಅವಳು ಕೇಳಿದಳು: "ಮಾವ, ಈ ಜಿಡ್ಡಿಗೆ ಬೆಂಕಿ ಹತ್ತುತ್ತಾ?" ಆ ಆವೃತ್ತಿಯ 2014ರ ಪುಸ್ತಕ ಈ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ನಾನು ಯೋಚಿಸುತ್ತಿರುವಾಗಲೇ ಅವಳು ಪುಟ ತೆರೆದು ಬೆರಳಿಟ್ಟು ತೋರಿಸಿದಳು. ಮಂತ್ರಕ್ಕೆ ಬೇಕಾದ ಸಾಮಗ್ರಿಯಲ್ಲಿ ಬೆಣ್ಣೆಯೂ ಇದೆ. "ಬೆಣ್ಣೆ ಉರಿಯುತ್ತಲ್ಲ ಮಾವ!" ಅವಳ ಗೆಳೆಯ ಒಪ್ಪಲಿಲ್ಲ. ಉರಿಯುವ ಹಾಗಿದ್ದರೆ ಪುಸ್ತಕದಲ್ಲಿ ಬರೆದಿರುತ್ತಿದ್ದರು ಎಂಬುದು ಅವನ ವಾದ. ಜೊತೆಗೆ ಅವನ ಪಾತ್ರ ಆ ಜಿಡ್ಡಿನ ಅಂಚಿನಲ್ಲೇ ನಿಂತಿತ್ತು. ಹತ್ತಲಿ, ಆದರೆ ತಕ್ಷಣ ಭುಗಿಲೇಳುವುದಿಲ್ಲ, ಹೊಗೆಯೆದ್ದು ನಿಧಾನವಾಗಿ ಹರಡುತ್ತದೆ, ಅಂಚಿನಲ್ಲಿರುವವನು ಹಾರಿಕೊಳ್ಳಲು ಒಂದು ಸಲ ದಾಳ ಹಾಕಲಿ ಎಂದೆ. ಅವನು ದಾಳ ಹಾಕಿದ, ಹಾರಿಕೊಂಡ, ಕಿರುಚಾಟ ನಗು ಎಲ್ಲ ಆಯಿತು. ಇಷ್ಟಕ್ಕೂ ಹಿಡಿದದ್ದು ಒಂದೆರಡು ನಿಮಿಷ.

ಇದನ್ನೇ ತಂತ್ರಾಂಶಕ್ಕೆ ಕಲಿಸಬೇಕೆಂದರೆ ಯೋಚಿಸಿ. ಜಿಡ್ಡಿಗೆ ಬೆಂಕಿ ಹತ್ತುತ್ತದೆಯೇ ಎಂಬುದು ಒಂದು ಪ್ರಶ್ನೆ. ಮಳೆ ಬಂದರೆ? ಕೆಳಗೆ ಮರದ ಹಲಗೆ ಇದ್ದರೆ? ಬಿದ್ದ ಗಾಬ್ಲಿನ್‌ನ ಬಟ್ಟೆಗೆ ತಗುಲಿದರೆ? ಮನುಷ್ಯರ ಮಾತಿನಲ್ಲಿ ಬರೆದ ನಿಯಮಗಳಿವು, ಅವುಗಳ ಸಂದುಗಳನ್ನು ಡಿಎಂ ತುಂಬುತ್ತಾರೆಂದೇ ಬರೆದವು. ವಿಶ್ ಎಂಬ ಒಂದು ಮಂತ್ರವಿದೆ, ಬಯಸಿದ್ದನ್ನು ಬಾಯಿಬಿಟ್ಟು ಹೇಳಿದರೆ ಅದು ನಡೆಯಬೇಕು. ಅದನ್ನು ಯಾವ ಎಂಜಿನಿಯರ್ ಬರೆದು ಮುಗಿಸಿಯಾನು? ಸಾಲದ್ದಕ್ಕೆ ಕಂಪನಿ ಹೊಸ ಹೊಸ ಪುಸ್ತಕ ತರುತ್ತಲೇ ಇರುತ್ತದೆ, ಪ್ರತಿ ಪುಸ್ತಕವೂ ಹಳೆಯ ನಿಯಮಕ್ಕೆ ಒಂದಷ್ಟು ಹೊಸ ಅಪವಾದ ಸೇರಿಸುತ್ತದೆ. ನಿಯಮವನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದು ಹೊರಟ ಸಾಧನ ಈ ಓಟದಲ್ಲಿ ಎಂದೂ ಗುರಿ ಮುಟ್ಟುವುದಿಲ್ಲ.

ಗುರಿ ಮುಟ್ಟಿದ ಸಾಧನಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕಂಪನಿ ತನ್ನ ಮೇಜನ್ನು ಮುಚ್ಚಿದ ಅದೇ 2012ರಲ್ಲಿ, ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದ ಮೂವರು ಗೆಳೆಯರು ರೋಲ್20 ಎಂಬ ಸಾಧನಕ್ಕಾಗಿ ಕಿಕ್‌ಸ್ಟಾರ್ಟರಿನಲ್ಲಿ ಜನರಿಂದ ಸುಮಾರು 40 ಸಾವಿರ ಡಾಲರ್ ಕೂಡಿಸಿದರು, ಅದೇ ವರ್ಷ ಸಾಧನವನ್ನು ಜನರ ಕೈಗಿಟ್ಟರು. ಬೇರೆ ಬೇರೆ ಊರಿಗೆ ಹೋದಮೇಲೂ ಆಟ ನಿಲ್ಲಬಾರದೆಂಬುದೇ ಅವರ ಆಸೆಯಾಗಿತ್ತು. ಎಲ್ಲರಿಗೂ ಕಾಣುವ ಒಂದು ನಕ್ಷೆ, ಎಲ್ಲರಿಗೂ ಕಾಣುವಂತೆ ಉರುಳುವ ದಾಳ, ಮಾತಾಡಲು ಧ್ವನಿ ಮತ್ತು ವಿಡಿಯೊ. ಬಹುಮಟ್ಟಿಗೆ ಇಷ್ಟೇ. ಗ್ರೀಸ್ ಮಂತ್ರಕ್ಕೆ ಬೆಂಕಿ ಹತ್ತುತ್ತದೆಯೇ ಎಂದು ರೋಲ್20ಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ, ಅದನ್ನು ಹೇಳಲು ಮನುಷ್ಯ ಅಲ್ಲೇ ಇದ್ದಾನೆ. ಅದಕ್ಕೂ ಮುಂಚೆ, 2004ರಿಂದಲೇ ಫ್ಯಾಂಟಸಿ ಗ್ರೌಂಡ್ಸ್ ಇತ್ತು. 2020ರ ಮೇ ತಿಂಗಳಲ್ಲಿ ಫೌಂಡ್ರಿ ಬಂತು. ಚಂದಾ ಇಲ್ಲ, ಒಂದು ಸಲ ದುಡ್ಡು ಕೊಟ್ಟರೆ ನಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ನಡೆಸಬಹುದು. ಆ ವರ್ಷ ಕೊರೊನಾದಿಂದ ಮನೆಯಲ್ಲೇ ಉಳಿದ ಎಷ್ಟೋ ಗುಂಪುಗಳ ಆಟ ಮುಂದುವರಿದದ್ದು ಇಂಥ ಸಾಧನಗಳಿಂದ. ಇವನ್ನು ಕಟ್ಟಿದವರ ಬಗ್ಗೆ ನನಗೆ ತುಂಬು ಗೌರವವಿದೆ.

ಹಾಗಾದರೆ ದೊಡ್ಡ ಕಂಪನಿ ಏಕೆ ದೊಡ್ಡ ಮಾತನ್ನೇ ಆಡುತ್ತದೆ? ಕಾರಣ ಲೆಕ್ಕದ ಪುಸ್ತಕದಲ್ಲಿದೆ. ಈ ಆಟದಲ್ಲಿ ಐದು ಜನ ಕೂತರೆ ಪುಸ್ತಕ ಕೊಳ್ಳುವುದು ಹೆಚ್ಚಾಗಿ ಡಿಎಂ ಒಬ್ಬರೇ. ಉಳಿದವರು ಅದನ್ನೇ ಎರವಲು ಪಡೆದು ವರ್ಷಗಟ್ಟಲೆ ಆಡುತ್ತಾರೆ. 2022ರ ಡಿಸೆಂಬರಿನಲ್ಲಿ ವಿಝಾರ್ಡ್ಸ್ ಕಂಪನಿಯ ಅಧ್ಯಕ್ಷೆಯಾಗಿದ್ದ ಸಿಂಥಿಯಾ ವಿಲಿಯಮ್ಸ್ ಹೂಡಿಕೆದಾರರ ಮುಂದೆ ಇದನ್ನು ಬಿಚ್ಚಿ ಹೇಳಿದರು. ಆಡುವವರಲ್ಲಿ ಡಿಎಂಗಳು ಸುಮಾರು ಶೇಕಡಾ 20, ದುಡ್ಡು ಖರ್ಚು ಮಾಡುವವರಲ್ಲಿ ದೊಡ್ಡ ಪಾಲು ಅವರದೇ, ಈ ಆಟದಿಂದ ಬರಬಹುದಾದ ಆದಾಯ ಇನ್ನೂ ಪೂರ್ತಿ ಬರುತ್ತಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ವ್ಯಾಪಾರದ ದೃಷ್ಟಿಯಿಂದ ಅದು ತಪ್ಪು ಲೆಕ್ಕವಲ್ಲ. ಆದರೆ ಉಳಿದ ನಾಲ್ವರಿಂದಲೂ ತಿಂಗಳು ತಿಂಗಳು ದುಡ್ಡು ಬರಬೇಕಾದರೆ ಅವರೆಲ್ಲ ಹಾದುಹೋಗಲೇಬೇಕಾದ ಒಂದು ಬಾಗಿಲು ಬೇಕು. ಸರಳ ನಕ್ಷೆ ಮತ್ತು ದಾಳ ಆ ಬಾಗಿಲಾಗಲಾರದು, ಅದನ್ನು ಯಾರು ಬೇಕಾದರೂ ಕೊಡಬಲ್ಲರು. ಆಟದೊಳಗಿನ ಎಲ್ಲವೂ ಅಡಗಿರುವ, ಕಣ್ಣು ಕೋರೈಸುವ ಸಾಧನವೇ ಬೇಕು. ಅಂಥದ್ದನ್ನು ಕಟ್ಟುವುದೇ ಅತಿ ಕಷ್ಟ. ವಿಳಂಬಕ್ಕೆ ಬೀಜ ಬಿತ್ತುವುದು ಇಲ್ಲಿ.

2014ರಲ್ಲಿ ಐದನೆಯ ಆವೃತ್ತಿ ಬಂತು. ಅದರ ನಿಯಮಗಳು ಹಗುರ, ಪುಸ್ತಕ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ, ಅದು ಜಗತ್ತಿನಾದ್ಯಂತ ಹಬ್ಬಿದ್ದಕ್ಕೆ ಇದೊಂದು ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಆಗಲೂ ಡಂಜನ್‌ಸ್ಕೇಪ್ ಎಂಬ ಅಧಿಕೃತ ಸಾಧನ ಬರುತ್ತದೆ ಎಂದರು. ಅದನ್ನು ಮಾಡುತ್ತಿದ್ದ ಟ್ರ್ಯಾಪ್‌ಡೋರ್ ಸಂಸ್ಥೆಯ ಜೊತೆಗಿನ ಒಪ್ಪಂದ ಅದೇ ವರ್ಷದ ಅಕ್ಟೋಬರಿನಲ್ಲಿ ಮುರಿಯಿತು. ಈ ಸಲ ಯಾರ ಆಟವೂ ನಿಲ್ಲಲಿಲ್ಲ, ಪುಸ್ತಕ ಸಾಕಾಗಿತ್ತು. 2017ರ ಆಗಸ್ಟಿನಲ್ಲಿ ಡಿ ಅಂಡ್ ಡಿ ಬಿಯಾಂಡ್ ಬಂತು, ಕಂಪನಿಯ ಒಳಗಿಂದಲ್ಲ, ಪರವಾನಗಿ ಪಡೆದ ಹೊರಗಿನವರಿಂದ. ಪಾತ್ರ ರೂಪಿಸಲು, ಮಂತ್ರ ಹುಡುಕಲು ನಿಜಕ್ಕೂ ಚೊಕ್ಕ ಸಾಧನ. 2022ರಲ್ಲಿ ಹ್ಯಾಸ್‌ಬ್ರೊ ಅದನ್ನು 146.3 ಮಿಲಿಯನ್ ಡಾಲರ್ ಕೊಟ್ಟು ಕೊಂಡಿತು.

ಕೊಂಡಮೇಲೆ ನಡೆದದ್ದನ್ನೂ ಕೇಳಿ. 2023ರ ಜನವರಿಯಲ್ಲಿ ಆಟದ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುತ್ತಿದ್ದ ತನ್ನ ಹಳೆಯ ಮುಕ್ತ ಪರವಾನಗಿಯನ್ನು ಕಂಪನಿ ಬದಲಿಸಲು ಹೊರಟಿತು. ಹೊಸ ಪರವಾನಗಿಯ ಕರಡಿನ ಜೊತೆ ಹೊರಗಿನ ಆಟದ ಮೇಜುಗಳಿಗೂ ಒಂದು ನೀತಿ ಬರೆದಿದ್ದರು. ಮ್ಯಾಜಿಕ್ ಮಿಸೈಲ್ ಎಂಬ ಮಂತ್ರದ ಬಾಣ ಹಾರಿ ಹೋಗುವುದನ್ನು ಚಲಿಸುವ ಚಿತ್ರವಾಗಿ ತೋರಿಸಬಾರದು ಎಂಬ ಮಟ್ಟಕ್ಕೆ ಅದು ಇಳಿದಿತ್ತು. ತನ್ನ ಸಾಧನ ಇನ್ನೂ ಸಿದ್ಧವಿಲ್ಲ, ಸಿದ್ಧವಿರುವ ಬೇರೆಯವರ ಸಾಧನಕ್ಕೆ ಬೇಲಿ. ಆಟಗಾರರು ದೊಡ್ಡ ಗದ್ದಲ ಎಬ್ಬಿಸಿದರು, ಬಿಯಾಂಡ್ ಚಂದಾಗಳನ್ನು ರದ್ದು ಮಾಡಿದರು. ಜನವರಿ 27ರಂದು ಕಂಪನಿ ಹಿಂದೆ ಸರಿದು, ಸುಮಾರು 400 ಪುಟಗಳ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. 2024ರ ಆಗಸ್ಟಿನಲ್ಲಿ ಇನ್ನೊಂದು. ಐದನೆಯ ಆವೃತ್ತಿಯನ್ನೇ ತಿದ್ದಿದ ಹೊಸ ಪುಸ್ತಕ ಬಂದೊಡನೆ ಬಿಯಾಂಡ್‌ನಲ್ಲಿರುವ ಪಾತ್ರದ ಹಾಳೆಗಳಲ್ಲಿ ಹಳೆಯ ಮಂತ್ರಗಳ ಜಾಗಕ್ಕೆ ಹೊಸ ಮಂತ್ರಗಳೇ ಬರುತ್ತವೆ ಎಂದರು. ದುಡ್ಡು ಕೊಟ್ಟು ಕೊಂಡ ನಿಯಮ ಆಟದ ನಡುವೆಯೇ ಬದಲಾಗಬೇಕೇ ಎಂದು ಜನ ಕೇಳಿದಮೇಲೆ ಆ ನಿರ್ಧಾರವನ್ನೂ ಕೈಬಿಟ್ಟರು. ಎರಡೂ ಸಲ ಜನರ ಅನುಮಾನವೇ ಆಟವನ್ನು ಕಾಪಾಡಿತು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಕೊನೆಯದಾಗಿ ಸಿಜಿಲ್ ಎಂಬ ಮೇಜು. 2022ರ ಆಗಸ್ಟಿನಲ್ಲಿ, ಈ ಹೊಸ ನಿಯಮಗಳ ಘೋಷಣೆಯ ಜೊತೆಗೇ, ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶ ಬಳಸಿದ ಮೂರು ಆಯಾಮದ ಮೇಜನ್ನು ತೋರಿಸಿದರು. ಬಣ್ಣ ಬಳಿದ ಪುಟ್ಟ ಗೊಂಬೆಗಳು, ಕಲ್ಲಿನ ಕಂಬಗಳು, ದೀಪದ ನೆರಳು, ನೋಡಲು ಬಹಳ ಸೊಗಸು. 2007ರ ಆ ಕನಸೇ ಮತ್ತೆ ಎದ್ದು ಬಂದಂತಿತ್ತು. ಹೊಸ ಕೈಪಿಡಿ 2024ರ ಸೆಪ್ಟೆಂಬರಿನಲ್ಲಿ ಬಂತು. ಸಿಜಿಲ್ ಬಂದದ್ದು 2025ರ ಫೆಬ್ರವರಿಯ ಕೊನೆಗೆ, ಡೋಲು ಡಂಗುರ ಏನೂ ಇಲ್ಲದೆ. ಮಾರ್ಚ್ ತಿಂಗಳಲ್ಲಿ ಅದನ್ನು ಕಟ್ಟಿದ ತಂಡದ ಬಹುಪಾಲು ಜನರನ್ನು ಕೆಲಸದಿಂದ ತೆಗೆದರು. ಎರಡೂವರೆ ವರ್ಷ ದುಡಿದ ಕಲಾವಿದರು, ಎಂಜಿನಿಯರುಗಳು ಅವರು. ಅವರ ಕೌಶಲದ ಮೇಲೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಕೊಡಲಾಗದ್ದನ್ನು ಕೊಡುತ್ತೇವೆಂದು ಮೇಲಿನವರು ಮಾತು ಕೊಡುತ್ತಾರೆ, ಕೊನೆಗೆ ಬೆಲೆ ತೆರುವವರು ಕೆಲಸ ಮಾಡಿದವರು. ಈ ವಿಷಯದಲ್ಲಿ ನನಗೆ ಆಟಗಾರರಿಗಿಂತ ಅವರ ಬಗ್ಗೆಯೇ ಹೆಚ್ಚು ಮರುಕ.

ಹೀಗೆ ಮಾತಾಡುವವರನ್ನು ಹೊಸತನದ ವಿರೋಧಿಗಳು, ಕಾಗದಕ್ಕೆ ಅಂಟಿಕೊಂಡವರು ಎನ್ನುವುದುಂಟು. ಅದು ಸರಿಯಲ್ಲ. ಸಾಧನ ನನಗೂ ಬೇಕು. ಕಣ್ಣು ಕಾಣದ ಆಟಗಾರನಿಗೆ ಅಚ್ಚಾದ ಪಾತ್ರದ ಹಾಳೆ ನಿರುಪಯೋಗಿ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ ಒಗ್ಗುವಂತೆ ಬರೆದ ಹಾಳೆ ಸಿಕ್ಕರೆ ಅವನು ಯಾರನ್ನೂ ಕೇಳದೆ ತನ್ನ ಮಂತ್ರ ತಾನೇ ಆರಿಸಿಕೊಳ್ಳಬಲ್ಲ. ಲೆಕ್ಕ ಕಂಡರೆ ಹೆದರುವ ಮಗು ಸಾಧನದ ನೆರವಿನಿಂದ ಧೈರ್ಯವಾಗಿ ಆಟಕ್ಕೆ ಬರುತ್ತದೆ. ಕೆಲಸಕ್ಕೆಂದು ಕ್ಯಾಲಿಫೋರ್ನಿಯಾಕ್ಕೋ ಪುಣೆಗೋ ಹೋದ ಗೆಳೆಯ ವಾರಕ್ಕೊಮ್ಮೆ ದನಿಗೂಡಿಸಬಲ್ಲ. ಮೂರು ಆಯಾಮದ ನೆರಳು ಬೆಳಕಿನ ಹಿಂದೆ ಹೋಗುವ ಹಣದಲ್ಲಿ ಒಂದು ಪಾಲನ್ನು ಇಂಥ ಸಾದಾ ಕೆಲಸಗಳಿಗೆ ಹಾಕಿದ್ದರೆ ಎಷ್ಟು ಜನಕ್ಕೆ ಉಪಕಾರವಾಗುತ್ತಿತ್ತು ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ.

ಮಕ್ಕಳು ಈ ಆಟದ ಹುಚ್ಚು ಹತ್ತಿಸಿಕೊಂಡಿದ್ದಾರೆ, ಯಾವ ಆ್ಯಪ್‌ಗೆ ಚಂದಾ ಕಟ್ಟಲಿ ಎಂದು ಕೆಲವು ತಂದೆತಾಯಂದಿರು ನನ್ನನ್ನು ಕೇಳುತ್ತಾರೆ. ಸದ್ಯಕ್ಕೆ ಯಾವುದಕ್ಕೂ ಬೇಡ ಎನ್ನುತ್ತೇನೆ. ಕ್ರಿಯೇಟಿವ್ ಕಾಮನ್ಸ್‌ನಲ್ಲಿರುವ ಆ ಮೂಲ ನಿಯಮಗಳು ಕಾಸಿಲ್ಲದೆ ಸಿಗುತ್ತವೆ. ಏಳು ದಾಳಗಳ ಒಂದು ಸೆಟ್ ಕೊಡಿಸಿ, ಪಾತ್ರದ ಹಾಳೆಯ ಕೆಲವು ಜೆರಾಕ್ಸ್ ಪ್ರತಿ ಮಾಡಿಸಿ, ಮೊದಲ ಪಾತ್ರವನ್ನು ಅವರೇ ಪೆನ್ಸಿಲಿನಲ್ಲಿ ಬರೆಯಲಿ. ಯಾವ ಅಂಕ ಎಲ್ಲಿಂದ ಬಂತು ಎಂಬುದು ಆಗ ತಲೆಗೆ ಹತ್ತುತ್ತದೆ. ಗೆಳೆಯರು ದೂರವಿದ್ದರೆ ಸರಳ ನಕ್ಷೆ, ಸರಳ ದಾಳ ಇರುವ ಉಚಿತ ಮೇಜು ಸಾಕು. ಸಾಧನದಲ್ಲೇ ಪಾತ್ರ ಇಟ್ಟುಕೊಳ್ಳುವವರಾದರೆ ಪ್ರತಿ ಲೆವೆಲ್ ಏರಿದಾಗಲೂ ಆ ಹಾಳೆಯನ್ನು ಒಮ್ಮೆ ಮುದ್ರಿಸಿ ಫೈಲಿನಲ್ಲಿಡಿ.

ಮುಂದೆಯೂ ಹೊಸ ಆವೃತ್ತಿ ಬರುತ್ತದೆ, ಅದರ ಜೊತೆ ಹೊಸ ಮೇಜಿನ ಸುದ್ದಿಯೂ ಬರುತ್ತದೆ. ಆಗ ನಾನು ನೋಡುವುದು ಇಷ್ಟನ್ನೇ: ಪುಸ್ತಕ ಅಂಗಡಿಗೆ ಬಂದ ದಿನ ಆ ಸಾಧನ ತೆರೆದು ಆಡಲು ಸಿಗುತ್ತದೆಯೇ, ನೆಟ್‌ವರ್ಕ್ ಇಲ್ಲದ ಊರಿನಲ್ಲೂ ತೆರೆಯುತ್ತದೆಯೇ, ಚಂದಾ ನಿಲ್ಲಿಸಿದ ಮೇಲೂ ನನ್ನ ಪಾತ್ರವನ್ನು ನಾನು ಹೊರಗೆ ತೆಗೆದುಕೊಂಡು ಹೋಗಬಹುದೇ. ಅಂಥದೊಂದು ಬಂದರೆ ಮೊದಲ ದಿನವೇ ದುಡ್ಡು ಕೊಟ್ಟು ಕೊಳ್ಳುತ್ತೇನೆ, ನಮ್ಮ ಮನೆಯ ಮಕ್ಕಳಿಗೂ ಕೊಡಿಸುತ್ತೇನೆ.